ಉರುಮೆಯ ನಾದ ಮತ್ತು ಚಲನಚಿತ್ರದ ಭಯ: ದಾವಣಗೆರೆ–ಹರಿಹರ ಪರಿಸರದ ಒಂದು ವಿವೇಚನೆ

ಭಯಾನಕ ಚಲನಚಿತ್ರಗಳ ಸಂಗೀತವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಪಶ್ಚಿಮದ ಚಿತ್ರಗಳಿಂದ ಆರಂಭವಾಗುತ್ತದೆ. ಆದರೆ ದಾವಣಗೆರೆ, ಹರಿಹರಗಳ ಪ್ರೇಕ್ಷಕನ ಕಿವಿ ಚಿತ್ರಮಂದಿರವನ್ನು ಹೊಗುವ ಮೊದಲೇ ಭಯದ ನಾದವೊಂದಕ್ಕೆ ಪಳಗಿರುತ್ತದೆ. ದುರುಗಮುರಗಿಯವರ ಉರುಮೆ ಇದಕ್ಕೆ ಉತ್ತಮ ನಿದರ್ಶನ.

ದುರುಗಮುರಗಿಯವರಲ್ಲಿ ಹೆಣ್ಣು ತಲೆಯ ಮೇಲೆ ದೇವಿಯ ಪೆಟ್ಟಿಗೆ ಹೊರುತ್ತಾಳೆ. ಗಂಡು ಕಾಲಿಗೆ ಗೆಜ್ಜೆ ಕಟ್ಟಿ, ಬರಿಮೈಗೆ ಚಾಟಿ ಬೀಸಿಕೊಳ್ಳುತ್ತಾನೆ. ಜೊತೆಗೆ ಉರುಮೆ ನುಡಿಯುತ್ತದೆ. ಇದರ ಒಂದು ಮುಖವನ್ನು ಬಡಿಯುತ್ತಾರೆ, ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಕೋಲಿಗೆ ಚರ್ಮ ಹಿಡಿದು ಬಿಡುವಾಗ ಹೊರಡುವುದು ಒಂದು ಸ್ಥಾಯಿಯಲ್ಲಿ ನಿಲ್ಲದ, ನರಳಿಕೆಯಂಥ ಧ್ವನಿ. ಬೀದಿಯ ತಿರುವಿನಲ್ಲಿ ಅದು ಕೇಳಿದೊಡನೆ ಮಕ್ಕಳು ಬಾಗಿಲ ಹಿಂದೆ ಅಡಗುವುದುಂಟು.

ಆಲ್‌ಫ್ರೆಡ್ ಹಿಚ್‌ಕಾಕರ ‘ಸೈಕೋ’ (1960) ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಕೇವಲ ತಂತಿವಾದ್ಯಗಳಿಂದ ಸಂಗೀತ ರಚಿಸಿದರು. ಅಲ್ಲಿಯೂ ಕಮಾನು ತಂತಿಯನ್ನು ಹಿಡಿದು ಬಿಡುವುದರಿಂದಲೇ ಚೀತ್ಕಾರ ಹುಟ್ಟುತ್ತದೆ. 2010ರಲ್ಲಿ ಡೇನಿಯಲ್ ಬ್ಲೂಮ್‌ಸ್ಟೀನ್ ಮತ್ತು ಸಂಗಡಿಗರು 102 ಚಲನಚಿತ್ರಗಳನ್ನು ಪರಿಶೀಲಿಸಿ, ಭಯಾನಕ ಚಿತ್ರಗಳಲ್ಲಿ ಕರ್ಕಶ ಚೀತ್ಕಾರಗಳು ನಿರೀಕ್ಷೆಗಿಂತ ಹೆಚ್ಚಾಗಿರುವುದನ್ನು ಗುರುತಿಸಿದರು. ಸಂಕಟಕ್ಕೊಳಗಾದ ಪ್ರಾಣಿಯ ಕೂಗನ್ನು ಹೋಲುವ ಧ್ವನಿ ಕೇಳುಗನನ್ನು ಎಚ್ಚರಿಸುತ್ತದೆ ಎಂಬುದು ಇದರ ಹಿಂದಿರುವ ತರ್ಕ.

ಆದರೆ ಧ್ವನಿಗುಣವೊಂದೇ ಭಯಕ್ಕೆ ಸಾಲದು. ಗೆಜ್ಜೆಯ ಸದ್ದು ಸ್ವತಃ ಮಂಗಳಕರವಾದುದು. ಪಿ. ವಾಸು ನಿರ್ದೇಶನದ, ಗುರುಕಿರಣ್ ಸಂಗೀತದ ‘ಆಪ್ತಮಿತ್ರ’ (2004) ಚಿತ್ರದಲ್ಲಿ ಅದೇ ಗೆಜ್ಜೆ ಇರುಳಿನ ಅರಮನೆಯಲ್ಲಿ, ಕಾಲು ಕಾಣದೆ ಕೇಳಿಸಿದಾಗ ನಡುಕ ಹುಟ್ಟಿಸುತ್ತದೆ. ಗೆಜ್ಜೆ ಕಟ್ಟಿದವಳು ಮನೆಯದೇ ಹೆಣ್ಣೆಂದು ತಿಳಿದಾಗ ಭಯದ ಸ್ಥಾನದಲ್ಲಿ ಮರುಕ ಮೂಡುತ್ತದೆ. ಎಂದರೆ, ಭಯವಿರುವುದು ಸದ್ದಿನ ಮೂಲ ಮರೆಯಾಗಿರುವುದರಲ್ಲಿ.

ಜನಪದ ಆಚರಣೆಗೂ ಚಲನಚಿತ್ರಕ್ಕೂ ಇರುವ ಭೇದ ಇಲ್ಲಿಯೇ ಸ್ಪಷ್ಟವಾಗುತ್ತದೆ. ಉರುಮೆ ತಿರುವಿನಲ್ಲಿ ಮರೆಯಾಗಿರುವುದು ಕ್ಷಣಕಾಲ ಮಾತ್ರ. ಬಳಿಕ ದೇವಿ ಬಾಗಿಲಿಗೆ ಬರುತ್ತಾಳೆ, ಮನೆಯಾಕೆ ಮೊರದಲ್ಲಿ ಕಾಳು ತಂದು ನೀಡಿ ಕೈಮುಗಿಯುತ್ತಾಳೆ, ಭಯ ಭಕ್ತಿಯಾಗುತ್ತದೆ. ದಾವಣಗೆರೆಯಲ್ಲಿ ಎರಡು ವರ್ಷಗಳಿಗೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ವಾದ್ಯಘೋಷವೂ ಸಾವಿರಾರು ಜನರ ನಡುವೆ, ಕಣ್ಣೆದುರೇ ಮೊಳಗುವಂಥದು. ಚಲನಚಿತ್ರವಾದರೋ ಆ ತಿರುವಿನ ಕ್ಷಣವನ್ನಷ್ಟೇ ಎತ್ತಿಕೊಂಡು ಹಿಗ್ಗಿಸುತ್ತದೆ. ಬಾಗಿಲಿಗೆ ಬರುವ ದೇವಿಯನ್ನು ಬಿಟ್ಟುಬಿಡುತ್ತದೆ.

ಕಲೆಯ ದೃಷ್ಟಿಯಿಂದ ಇದು ದೋಷವಲ್ಲ. ಆದರೆ ಉರುಮೆಯಂಥ ನಾದವನ್ನು ಪರದೆಯಿಂದಷ್ಟೇ ಅರಿಯುವ ಪೀಳಿಗೆಗೆ ಅದು ದೆವ್ವದ ಸದ್ದಾಗಿಯೂ, ಅದನ್ನು ನುಡಿಸುವವರು ಅಂಜಿಕೆಯ ಜನರಾಗಿಯೂ ತೋರುವ ಅಪಾಯವಿದೆ. ಆದುದರಿಂದ ಈ ನಾದವನ್ನು ದಾಖಲಿಸುವವರು ವಾದ್ಯವನ್ನಷ್ಟೇ ಮುದ್ರಿಸಿಕೊಂಡರೆ ಸಾಲದು; ಬೀದಿ, ಬಾಗಿಲು, ಮೊರದ ಕಾಳು ಮತ್ತು ಹರಕೆಯ ಮಾತುಗಳನ್ನೂ ಕೂಡಿಸಿಯೇ ದಾಖಲಿಸಬೇಕಾಗುತ್ತದೆ.