ಮದ್ದಿಲ್ಲದೆ ಹಾರಿದ ಗುಂಡು

1803ರ ಆಗಸ್ಟ್ ಕೊನೆ. ಪೆಸಿಫಿಕ್ ತೀರದವರೆಗಿನ ಅನ್ವೇಷಣೆಗೆಂದು ಪಿಟ್ಸ್‌ಬರ್ಗಿನಿಂದ ದೋಣಿಯಲ್ಲಿ ಹೊರಟ ಅಮೆರಿಕದ ಸೇನಾಧಿಕಾರಿ ಮೆರಿವೆದರ್ ಲೂಯಿಸ್, ಓಹಾಯೊ ನದಿಯ ದ್ವೀಪವೊಂದರಲ್ಲಿ ತನ್ನ ಗಾಳಿ ಬಂದೂಕನ್ನು ಜನರಿಗೆ ತೋರಿಸಿದ. ಕುತೂಹಲದಿಂದ ಕೈಗೆತ್ತಿಕೊಂಡವನೊಬ್ಬನಿಂದ ಅದು ಅಕಸ್ಮಾತ್ ಸಿಡಿಯಿತು. ಸುಮಾರು 40 ಗಜ ದೂರದಲ್ಲಿದ್ದ ಹೆಂಗಸಿನ ಟೋಪಿ ತೂರಿದ ಗುಂಡು ಕಣತಲೆಯನ್ನು ಸೀಳಿತು. ಪುಣ್ಯಕ್ಕೆ ಜೀವ ಉಳಿಯಿತು.

ಆ ಬಂದೂಕು ಆಸ್ಟ್ರಿಯಾ ಸೇನೆ ಬಳಸುತ್ತಿದ್ದ ಜಿರಾಂಡೋನಿ ಮಾದರಿ ಎಂಬುದು ಇಂದು ಹಲವು ಇತಿಹಾಸಕಾರರ ಅಭಿಪ್ರಾಯ. ಈ ಮಾದರಿಯಲ್ಲಿ ಹೆಗಲಿಗೆ ಆನಿಸುವ ಹಿಂಭಾಗವೇ ಗಾಳಿಯ ತೊಟ್ಟಿ. ತುಂಬಲು ಸುಮಾರು 1500 ಬಾರಿ ಪಂಪು ಹೊಡೆಯಬೇಕು! ನಳಿಗೆಯ ಪಕ್ಕದ ಕೊಳವೆಯಲ್ಲಿ ಇಪ್ಪತ್ತರಷ್ಟು ಸೀಸದ ಗುಂಡುಗಳು. ಬಂದೂಕನ್ನು ಮೇಲಕ್ಕೆ ವಾಲಿಸಿ ಅಡ್ಡಪಟ್ಟಿ ಒತ್ತಿದರೆ ಮುಂದಿನ ಗುಂಡು ಸಿದ್ಧ.

ಲೂಯಿಸ್ ಮತ್ತು ಸಹನಾಯಕ ಕ್ಲಾರ್ಕ್‌ನ ಅನ್ವೇಷಣಾ ತಂಡ ದಾರಿಯುದ್ದಕ್ಕೂ ಈ ಬಂದೂಕನ್ನು ಮೂಲನಿವಾಸಿಗಳಿಗೆ ಪ್ರದರ್ಶಿಸಿತು: 1804ರಲ್ಲಿ ಯಾಂಕ್ಟನ್ ಸೂ ಜನರೆದುರು, 1805ರಲ್ಲಿ ಶೋಶೋನಿಗಳೆದುರು. ಅಪರಿಚಿತ ನೆಲದಲ್ಲಿ ಆ ಸಣ್ಣ ತಂಡಕ್ಕೆ ಬಲಪ್ರದರ್ಶನ ಅಗತ್ಯವಾಗಿತ್ತು. ಮದ್ದೇ ಇಲ್ಲದೆ ಇಷ್ಟು ಬಾರಿ ಸಿಡಿಯುವುದು ಅಲ್ಲಿನ ಕ್ಲಾಟ್‌ಸಾಪ್ ಜನರನ್ನು ಬೆರಗಾಗಿಸಿತೆಂದು ಲೂಯಿಸ್ 1806ರ ಜನವರಿಯಲ್ಲಿ ಪೆಸಿಫಿಕ್ ತೀರದಲ್ಲಿ ಬರೆದ.