ಉಡಾವಣೆಯ ಎರಡನೆಯ ಪಾಲು ಹಾಸನದ್ದು

2018ರ ಡಿಸೆಂಬರ್ 5ರ ನಸುಕಿನಲ್ಲಿ, ನಮ್ಮ ಗಡಿಯಾರದ ಲೆಕ್ಕದಲ್ಲಿ, ಫ್ರೆಂಚ್ ಗಯಾನಾದ ಕೂರೂವಿನಿಂದ ಏರಿಯಾನ್-5 ರಾಕೆಟ್ 5,854 ಕಿಲೊ ತೂಕದ ಜಿಸ್ಯಾಟ್-11 ಅನ್ನು ಹೊತ್ತು ಏರಿತು. ಇಸ್ರೊ ಅದುವರೆಗೆ ಕಟ್ಟಿದ ಉಪಗ್ರಹಗಳಲ್ಲೇ ಅತಿ ಭಾರದ್ದು ಅದು. ಅರ್ಧ ಗಂಟೆಯಲ್ಲಿ ರಾಕೆಟ್ಟಿನ ಕೆಲಸ ಮುಗಿಯಿತು. ಆದರೆ ಉಪಗ್ರಹ ಆಗ ಸೇರಿದ್ದು ಬರೀ ದಾರಿಯ ಕಕ್ಷೆಯನ್ನು: ಒಂದು ತುದಿ ಭೂಮಿಯಿಂದ ಕೆಲವೇ ನೂರು ಕಿ.ಮೀ., ಇನ್ನೊಂದು ಸುಮಾರು 36,000 ಕಿ.ಮೀ. ಅಲ್ಲಿಂದ ಅದನ್ನು ಭೂಸ್ಥಿರ ಕಕ್ಷೆಗೆ ಏರಿಸಿದ್ದು ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. 1982ರಿಂದ ದುಡಿಯುತ್ತಿರುವ ಈ ಕೇಂದ್ರದ ಚರಿತ್ರೆಯನ್ನು ಉಡಾವಣೆಯ ನಂತರದ ಉಸ್ತುವಾರಿ ಎಂದು ಬರೆದುಬಿಡುವುದು ಸರಿಯಲ್ಲ. ಅದು ಉಡಾವಣೆಯದೇ ಎರಡನೆಯ ಪಾಲು.

ಬೇಕಾದ ವೇಗದಲ್ಲಿ ಸೆಕೆಂಡಿಗೆ ಸುಮಾರು 10 ಕಿ.ಮೀ.ಯನ್ನು ರಾಕೆಟ್ಟೇ ಕೊಡುತ್ತದೆ, ಉಳಿಯುವುದು ಒಂದೂವರೆ ಮಾತ್ರ ಎಂದು ಯಾರಾದರೂ ಹೇಳಬಹುದು. ಲೆಕ್ಕ ನಿಜ. ಆದರೆ ಆ ಒಂದೂವರೆಯನ್ನು ಉಪಗ್ರಹವೇ ದುಡಿದುಕೊಳ್ಳಬೇಕು. ಇಂಥ ಉಪಗ್ರಹದ ತೂಕದಲ್ಲಿ ಸಾಮಾನ್ಯವಾಗಿ ಅರ್ಧಕ್ಕೂ ಮಿಕ್ಕಿ ಇಂಧನವೇ ಇರುವುದು ಅದಕ್ಕಾಗಿ. ಅದರ ಎಂಜಿನ್ನಿನ ಬಲ 440 ನ್ಯೂಟನ್, ಅಂದರೆ 45 ಕಿಲೊ ಮೂಟೆ ಎತ್ತುವಷ್ಟು. ದೂರದ ತುದಿಯ ಆಸುಪಾಸಿನಲ್ಲಿ ಮಾತ್ರ ಅದನ್ನು ಉರಿಸಬೇಕು. ಆ ತುದಿ ಮೊದಮೊದಲು ಹತ್ತೂವರೆ ಗಂಟೆಗೊಮ್ಮೆ ಬರುತ್ತದೆ. ಅಷ್ಟರೊಳಗೆ ಉಪಗ್ರಹದ ಮುಖ ತಿರುಗಿಸಿ, ಟ್ಯಾಂಕಿನ ಒತ್ತಡ, ಗೈರೊ ಎಲ್ಲ ನೋಡಿ ಆದೇಶ ಕಳಿಸಬೇಕು. ಇಲ್ಲಿ ಪೋಲಾದ ಇಂಧನ ಉಪಗ್ರಹದ ಆಯುಸ್ಸಿಗೇ ಕತ್ತರಿ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಇಂಧನ ಬರಿದಾಗಿ ಸೆಪ್ಟೆಂಬರ್‌ನಲ್ಲೇ ಕೈತಪ್ಪಿತು. ಮರುವರ್ಷ ಚಾಲೆಂಜರ್ ನೌಕೆ ಬಿಟ್ಟುಬಂದ ಇನ್ಸಾಟ್-1ಬಿಯ ಸೌರಫಲಕ ಬಿಚ್ಚದೆ ಸತಾಯಿಸಿತು; ಕೊನೆಗೂ ಅದನ್ನು ಬಿಚ್ಚಿಸಿದ್ದು ನೆಲದ ಮೇಲಿದ್ದವರ ಪಟ್ಟು.

ಈಗ ಎಲ್ಲ ಕಂಪ್ಯೂಟರೇ ಮಾಡುತ್ತದಲ್ಲ ಎಂಬ ಮಾತೂ ಉಂಟು. ಆದರೆ ಈ ಏರುದಾರಿ ಈಗಲೂ ಸಲೀಸಲ್ಲ. 2018ರ ಮಾರ್ಚ್ 29ರಂದು ಜಿಸ್ಯಾಟ್-6ಎಯನ್ನು ರಾಕೆಟ್ ಒಂದಿನಿತೂ ತಪ್ಪದೆ ಬಿಟ್ಟಿತ್ತು. ಎರಡು ಬಾರಿ ಎಂಜಿನ್ ಉರಿದದ್ದೂ ಆಯಿತು. ಮೂರನೆಯದಕ್ಕೆ ಅಣಿಯಾಗುತ್ತಿದ್ದಾಗ ಸಂಪರ್ಕ ಕಡಿಯಿತು. ಆ ಪೆಟ್ಟಿನಿಂದಲೇ, ಕೂರೂ ತಲುಪಿದ್ದ ಜಿಸ್ಯಾಟ್-11 ಮರುತಪಾಸಣೆಗೆಂದು ಬೆಂಗಳೂರಿಗೆ ವಾಪಸಾಗಬೇಕಾಯಿತು. ವಿದ್ಯುತ್ ಎಂಜಿನ್‌ಗಳು ಬಂದರೆ ಹಾಸನದ ಪಾಲು ಕುಗ್ಗುವುದೂ ಇಲ್ಲ. ಅವು ಇಂಧನ ಉಳಿಸುತ್ತವೆ, ಆದರೆ ದಿನಗಳ ಏರುದಾರಿಯನ್ನು ತಿಂಗಳುಗಳಿಗೆ ಹಿಗ್ಗಿಸುತ್ತವೆ. 2024ರ ನವೆಂಬರ್‌ನಲ್ಲಿ 4,700 ಕಿಲೊ ತೂಕದ ಜಿಸ್ಯಾಟ್-ಎನ್2 ಅಮೆರಿಕದ ಫಾಲ್ಕನ್-9 ಏರಿ ಹೋಯಿತು. ರಾಕೆಟ್ ಅವರದಾದರೂ, ಅದರಿಂದ ಬೇರ್ಪಟ್ಟ ಉಪಗ್ರಹದ ಹಿಡಿತ ಬಂದದ್ದು ಹಾಸನದ ಕೈಗೇ.