ಆರನೆಯ ಮಗನ ಪಾಲು

ನಮ್ಮ ನಾಡಿನ ಪ್ರಾಚೀನ ಶಾಸನಗಳಲ್ಲಿ ದಾನಶಾಸನಗಳದು ದೊಡ್ಡ ಪಾಲು. ಭೂಮಿ ಕೊಟ್ಟ ಅರಸನ ಬಿರುದು, ಪಡೆದವರ ಹೆಸರು, ದಾನಕ್ಕೆ ಅಳುಪಿದವನಿಗೆ ಶಾಪ, ಇವೆಲ್ಲ ಅಲ್ಲಿ ಉಂಟು. ಆ ನೆಲವನ್ನು ಉತ್ತವನ ಹೆಸರು ಮಾತ್ರ ಅಪರೂಪ. ಇಂಥ ಶಾಸನಗಳನ್ನು ವರ್ಷಗಟ್ಟಲೆ ಪಾಠ ಹೇಳಿದ ನನಗೆ ‘ದಾನ’ವೆಂಬ ಶಬ್ದದ ಅರ್ಥವನ್ನು ಹೊಸದಾಗಿ ತಿಳಿಸಿಕೊಟ್ಟವರು ಆಚಾರ್ಯ ವಿನೋಬಾ ಭಾವೆಯವರು.

1895ರಲ್ಲಿ ಮಹಾರಾಷ್ಟ್ರದ ಗಾಗೋದೆಯಲ್ಲಿ ಜನಿಸಿದ ವಿನೋಬಾ ಮೂಲತಃ ಅಧ್ಯಾತ್ಮಸಾಧಕರು. 1932ರಲ್ಲಿ ಧುಳೆಯ ಸೆರೆಮನೆಯಲ್ಲಿ ಸಹಬಂದಿಗಳಿಗೆ ಅವರು ಹೇಳಿದ ಗೀತಾಪ್ರವಚನಗಳನ್ನು ಸಾನೆ ಗುರೂಜಿ ಬರೆದಿಟ್ಟುಕೊಂಡರು. ಅಂಥ ಏಕಾಂತಪ್ರಿಯರು 1951ರ ಮಾರ್ಚ್‌ನಲ್ಲಿ, ಹೈದರಾಬಾದಿನ ಬಳಿಯ ಶಿವರಾಂಪಲ್ಲಿಯ ಸರ್ವೋದಯ ಸಮ್ಮೇಳನಕ್ಕೆಂದು, ಸುಮಾರು 300 ಮೈಲಿಗಳ ಹಾದಿಯನ್ನು ಕಾಲ್ನಡಿಗೆಯಲ್ಲಿ ಹಿಡಿದರು. ಆಗ ತೆಲಂಗಾಣ ರೈತರ ಸಶಸ್ತ್ರ ಹೋರಾಟದಿಂದ ಉರಿಯುತ್ತಿತ್ತು. ಹಗಲು ಪೊಲೀಸರ ಭಯ, ಇರುಳು ಬಂದೂಕುಗಾರರ ಭಯ.

ಸಮ್ಮೇಳನ ಮುಗಿದ ಬಳಿಕ ಆ ಸೀಮೆಯಲ್ಲೇ ಸಂಚರಿಸುತ್ತ ಏಪ್ರಿಲ್ 18ರಂದು ಅವರು ನಲ್ಗೊಂಡ ಜಿಲ್ಲೆಯ ಪೋಚಂಪಲ್ಲಿಯನ್ನು ತಲುಪಿದರು. ಅಲ್ಲಿನ ಸುಮಾರು 40 ದಲಿತ ಕುಟುಂಬಗಳು, ದುಡಿದು ಬದುಕಲು ತಮಗೆ 80 ಎಕರೆ ನೆಲ ಬೇಕೆಂದು ಕೇಳಿದವು. ಸರ್ಕಾರಕ್ಕೆ ಅರ್ಜಿ ಬರೆಯುವುದು ಸುಲಭದ ದಾರಿಯಾಗಿತ್ತು. ವಿನೋಬಾ ಆ ಪ್ರಶ್ನೆಯನ್ನು ಎದುರಿಗಿದ್ದ ಸಭೆಯ ಮುಂದೆಯೇ ಇಟ್ಟರು. ವೆದಿರೆ ರಾಮಚಂದ್ರ ರೆಡ್ಡಿ ಎಂಬ ಭೂಮಾಲೀಕರು ಎದ್ದು ನಿಂತು 100 ಎಕರೆ ಕೊಡುವುದಾಗಿ ನುಡಿದರು. ಭೂದಾನ ಹುಟ್ಟಿದ್ದು ಹೀಗೆ.

ಅಲ್ಲಿಂದ 1964ರವರೆಗೆ ಅವರು ನಡೆಯುತ್ತಲೇ ಇದ್ದರು. ಐವರು ಮಕ್ಕಳಿದ್ದರೆ ತನ್ನನ್ನು ಆರನೆಯ ಮಗನೆಂದು ತಿಳಿದು ಪಾಲು ಕೊಡಿ ಎಂಬುದು ಅವರ ಬೇಡಿಕೆಯ ರೀತಿ. ಇದರ ಸೂಕ್ಷ್ಮವನ್ನು ಗಮನಿಸಬೇಕು. ಭಿಕ್ಷುಕನಿಗೆ ಕೊಡುವುದು ಕರುಣೆ, ಮಗನಿಗೆ ಕೊಡುವುದು ಹೊಣೆ. ದಾನವೆಂದರೆ ಸಂವಿಭಾಗ, ಅಂದರೆ ಸಮನಾಗಿ ಹಂಚಿಕೊಳ್ಳುವುದು, ಎಂಬ ಶಂಕರಾಚಾರ್ಯರ ವ್ಯಾಖ್ಯಾನವನ್ನು ಅವರು ಮತ್ತೆ ಮತ್ತೆ ನೆನಪಿಸುತ್ತಿದ್ದರು. ಕೊಟ್ಟೆನೆಂಬ ಅಹಂಕಾರವಿಲ್ಲದ ದಾಸೋಹದ ಕಲ್ಪನೆಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ಶರಣರಿಂದ ಪಡೆದ ಕನ್ನಡಿಗರಿಗೆ ಈ ಮಾತು ಅಪರಿಚಿತವಲ್ಲ.

1957ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಸಮೀಪದ ಯೆಲವಾಲದಲ್ಲಿ ಗ್ರಾಮದಾನ ಪರಿಷತ್ತು ಸೇರಿತು. ರಾಷ್ಟ್ರಪತಿ ರಾಜೇಂದ್ರ ಪ್ರಸಾದರು, ಪ್ರಧಾನಿ ನೆಹರೂ ಅವರು, ಕಮ್ಯುನಿಸ್ಟ್ ನಾಯಕರಾದ ಇ. ಎಂ. ಎಸ್. ನಂಬೂದಿರಿಪಾಡರು ಒಂದೇ ಸೂರಿನಡಿ ಕುಳಿತು ಈ ವಿಚಾರವನ್ನು ಚರ್ಚಿಸಿದರು. ಪಕ್ಷಗಳ ಬೇಲಿಯನ್ನು ಒಬ್ಬ ಬರಿಗೈ ಸನ್ಯಾಸಿ ದಾಟಿಸಿದ್ದು ಸಾಮಾನ್ಯ ಸಂಗತಿಯಲ್ಲ.

ಆದರೆ ಇತಿಹಾಸ ಭಕ್ತಿಯಿಂದ ಮಾತ್ರ ಬರೆಯುವಂಥದಲ್ಲ. ಗುರಿಯಿದ್ದದ್ದು 5 ಕೋಟಿ ಎಕರೆ. ಒದಗಿದ್ದು 40 ಲಕ್ಷ ಎಕರೆಯ ಆಸುಪಾಸು. ಅದರಲ್ಲಿಯೂ ಬಹಳಷ್ಟು ಕಲ್ಲುನೆಲ, ವ್ಯಾಜ್ಯದ ನೆಲ, ಕಾಗದದ ಮೇಲಷ್ಟೇ ಇದ್ದ ನೆಲ. ಹಂಚಿಕೆ ವರ್ಷಗಟ್ಟಲೆ ಕುಂಟಿತು. ಸಭೆಯಲ್ಲಿ ಕರಗಿದ ಮನಸ್ಸು ಪಹಣಿಯ ಮುಂದೆ ಮತ್ತೆ ಗಟ್ಟಿಯಾದದ್ದೂ ಉಂಟು. ಮನಃಪರಿವರ್ತನೆಯೊಂದೇ ಸಾಲದು, ಕಾನೂನಿನ ಬಲವೂ ಬೇಕೆಂದು ವಿಮರ್ಶಕರು ಹೇಳಿದ್ದು ಸತ್ಯ.

ಹಾಗಾದರೆ ಉಳಿದದ್ದೇನು? ಭೂಮಿಯಿಲ್ಲದವರೂ ಕೊಡಬಹುದೆಂದು ವಿನೋಬಾ ಸಂಪತ್ತಿದಾನ, ಶ್ರಮದಾನಗಳನ್ನು ಸೂಚಿಸಿದರು. 1954ರಲ್ಲಿ ಜಯಪ್ರಕಾಶ ನಾರಾಯಣರು ಬೋಧಗಯೆಯಲ್ಲಿ ತಮ್ಮ ಜೀವನವನ್ನೇ ದಾನವಾಗಿ ಘೋಷಿಸಿದರು. ನನಗೆ ಒಂದು ಗುಂಟೆ ಜಮೀನೂ ಇಲ್ಲ. ನಿವೃತ್ತಿವೇತನ ಕೈಸೇರಿದ ದಿನ ಅದರ ಆರನೆಯ ಒಂದು ಪಾಲನ್ನು ಬೇರೆಯಾಗಿ ಎತ್ತಿಟ್ಟು, ಬಡವಿದ್ಯಾರ್ಥಿಗಳ ಪುಸ್ತಕಕ್ಕೂ ಶುಲ್ಕಕ್ಕೂ ವಿನಿಯೋಗಿಸುತ್ತೇನೆ. ಪಡೆದವರು ಕೃತಜ್ಞತೆ ಹೇಳಬಂದರೆ, ಇದು ನಿಮ್ಮ ಪಾಲೇ ಎನ್ನುತ್ತೇನೆ. ಇದು ಔದಾರ್ಯವಲ್ಲ, ಮನೆಯ ಲೆಕ್ಕ.

1982ರ ನವೆಂಬರ್ 15ರಂದು ವಿನೋಬಾ ಪವನಾರದಲ್ಲಿ ದೇಹವಿಟ್ಟರು. ಪೋಚಂಪಲ್ಲಿ ಇಂದು ಭೂದಾನ ಪೋಚಂಪಲ್ಲಿ ಎಂದೇ ಪ್ರಸಿದ್ಧ. ಅವರು ಎಷ್ಟು ಎಕರೆ ಪಡೆದರೆಂಬುದು ಇತಿಹಾಸಕಾರರ ಪ್ರಶ್ನೆ. ನಮ್ಮ ಮನೆಗಳಲ್ಲಿ ಆ ಆರನೆಯ ಮಗನಿಗೆ ಎಲೆ ಹಾಕಿದ್ದೇವೆಯೇ ಎಂಬುದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.